ಗೂಡುದೀಪಕ್ಕೆ ದನ ಕಟ್ಟುವ ಗಂಟು

ಅವರ ಎರಡೂ ಕೈಗಳು ಮೊಣಕೈವರೆಗೆ ಮಿನುಗುತ್ತಿದ್ದವು. ಆ ಮಿನುಗಿನಲ್ಲಿ ಬೈಗೆ ಮೀನಿನ ಹುರುಪೆ ಎಷ್ಟು, ಹಬ್ಬದ ಚಮಕಿ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ನೋಡಿದವರಿಗೆ ಸಾಧ್ಯವಿರಲಿಲ್ಲ. ಅವರಿಗೂ ಸಾಧ್ಯವಿರಲಿಲ್ಲ ಎಂದೇ ನನ್ನ ನಂಬಿಕೆ. ಬೆಳಿಗ್ಗೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಕೈ, ಮಧ್ಯಾಹ್ನ ಊಟವಾದ ಮೇಲೆ ಹಳೆಯ ಹಬ್ಬಗಳನ್ನು ಬಿಚ್ಚಿ ಹೊಸ ಹಬ್ಬ ಹೊಲಿಯುವ ಕೈ. ಸೋಪು ಎರಡರ ಮುಂದೆಯೂ ಸೋತು ಸುಮ್ಮನಾಗಿತ್ತು.

ನಾವುಂದದಲ್ಲಿ ಅವರು ನನ್ನ ಮನೆಯೊಡತಿ. ಹೆದ್ದಾರಿಯಿಂದ ಕಡಲಿಗೆ ಇಳಿಯುವ ದಾರಿಯಲ್ಲಿ ಅವರ ಹೆಂಚಿನ ಮನೆ. ಅದರ ಒಂದು ಪಕ್ಕದ ಕೋಣೆಯಲ್ಲಿ ನಾನು, ಊರಿನ ಗ್ರಂಥಾಲಯ ನೋಡಿಕೊಳ್ಳುವವನು, ಹಾಲಾಡಿ ಕಡೆಯಿಂದ ಬಂದ ಒಂಟಿ ಪ್ರಾಣಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಲೈಬ್ರರಿಯವ್ರೆ ಎನ್ನುತ್ತಿದ್ದರು. ಮೊದಲೇ ಒಪ್ಪಿಕೊಳ್ಳಬೇಕಾದ ಒಂದು ಸಂಗತಿಯಿದೆ: ನಾನು ಅಂಜುಬುರುಕ. ನಮ್ಮ ಮನೆಯಲ್ಲಿ ಪಾಲಾಗುವಾಗ ನೀರಿರುವ ಗದ್ದೆಗಳು ಅಣ್ಣಂದಿರಿಗೆ ಹೋದವು. ಹೆದರಿಕೆ ಮಾತ್ರ ಅಖಂಡವಾಗಿ ನನ್ನ ಪಾಲಿಗೆ ಬಂತು.

ನಾವುಂದದಲ್ಲಿ ಆ ಆಸ್ತಿಗೆ ಒಳ್ಳೆಯ ಬೆಳೆ ಬಂತು. ಕಾರಣ ನನ್ನ ತಲೆಯ ಮೇಲೆಯೇ, ಅಟ್ಟದಲ್ಲಿತ್ತು. ನಾಲ್ಕಾರು ಚೌತಿಗಳ ಥರ್ಮಾಕೋಲ್ ಮಂಟಪ, ನವರಾತ್ರಿಯ ಜರಿ ಪರದೆ, ಯಾರದೋ ಮದುವೆಯ ಪ್ಲಾಸ್ಟಿಕ್ ಸೇವಂತಿಗೆ, ಚರ್ಚಿನ ಬಳಿಯ ಬಾಯಮ್ಮನ ಮನೆಯಿಂದ ಬಂದ ಬಾಲ ಮುರಿದ ಕ್ರಿಸ್‌ಮಸ್ ನಕ್ಷತ್ರ, ಉರಿಯುವ ಮತ್ತು ಉರಿಯದ ಸೀರಿಯಲ್ ಸೆಟ್ಟುಗಳು. ಒಂದು ಕಿಡಿ ಬಿದ್ದರೆ ಇಡೀ ವರ್ಷದ ಪಂಚಾಂಗ ಒಟ್ಟಿಗೇ ಹೊತ್ತಿಕೊಳ್ಳುತ್ತದೆ ಎಂದುಕೊಳ್ಳುತ್ತ ನಾನು ಅದರ ಕೆಳಗೆ ವಾಸ ಮಾಡುತ್ತಿದ್ದೆ. ಗಾಳಿ ಬೀಸಿದಾಗ ಅಲ್ಲಿ ಏನೋ ಸರಸರ ಎನ್ನುತ್ತಿತ್ತು.

"ಅಕ್ಕ, ಅಟ್ಟದ್ ಮೇಲೆ ಎಂತದೋ ಇತ್ತ್" ಎಂದರೆ,

"ಹೌದ್, ಹೋದ್ವರ್ಷದ ಅಷ್ಟಮಿ" ಎನ್ನುತ್ತಿದ್ದರು.

ಅವರ ಸಂಗ್ರಹಕ್ಕೆ ಕಟ್ಟುನಿಟ್ಟಾದ ಕಾನೂನಿತ್ತು. ಮೀನಿನ ಬುಟ್ಟಿಯಲ್ಲಿ ಹಬ್ಬದ ಸಾಮಾನು ತರುವಂತಿಲ್ಲ, ಅದಕ್ಕೆ ಹೆಗಲಿಗೊಂದು ಬೇರೆ ಚೀಲ. ಆದರೂ ಚೀಲಕ್ಕೆ ವಾಸನೆ ತಗುಲದೆ ಇರುತ್ತಿರಲಿಲ್ಲ. ಅವರು ಕಟ್ಟಿದ ತೋರಣದ ಕೆಳಗೆ ಬೆಕ್ಕುಗಳು ಧ್ಯಾನಸ್ಥವಾಗಿ ಕೂರುವುದನ್ನು ನಾನೇ ನೋಡಿದ್ದೇನೆ. ಚೌತಿಯ ಗಣಪತಿ ನೀರಿಗೆ ಹೋದ ಮಾರನೆಯ ಬೆಳಿಗ್ಗೆ ಅಕ್ಕ ಮೀನಿಗಿಂತ ಮೊದಲು ಮಂಟಪದ ಸುದ್ದಿ ತೆಗೆಯುತ್ತಿದ್ದರು. "ಹ್ವಾಯ್, ಮಂಟಪ ಎಂತ ಮಾಡ್ತ್ರಿ? ಬಿಸಾಡೂಕೆ ಎಂತ ಅವ್ಸರ? ಹಬ್ಬ ಮುಗ್ದದ್ದ್ ನಿಮ್ಗೆ, ಅದ್ಕಲ್ಲ." ಹಾಗೆಂದು ಸಿಕ್ಕಿದ್ದನ್ನೆಲ್ಲ ತರುವವರಲ್ಲ. "ದೇವ್ರ್ ಮುಟ್ಟಿದ್ದ್ ನೀರಿಗೆ, ದೇವ್ರ್ ಕಂಡದ್ದ್ ನಂಗೆ" ಎನ್ನುವುದು ಮೂಲ ಸೂತ್ರ. ದೇವರ ಮೈಮೇಲಿದ್ದ ಹೂವು, ನೂಲು, ಎಲೆ ಯಾವುದನ್ನೂ ಮುಟ್ಟರು. ಅಕ್ಕಪಕ್ಕ ನಿಂತು ನೋಡಿಸಿಕೊಂಡ ಕಂಬ, ಪರದೆ, ಬಣ್ಣದ ಕಾಗದಕ್ಕೆ ಮಾತ್ರ ಅವರ ಹಕ್ಕು. ಚುನಾವಣೆ ಮುಗಿದಾಗ ಬೀದಿಬೀದಿಯಲ್ಲಿ ಪುಕ್ಕಟೆ ಬಿದ್ದಿರುತ್ತಿದ್ದ ಪತಾಕೆಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಅದ್ ಹಬ್ಬ ಅಲ್ಲ ಮರ್ರೆ."

ಹೀಗೆ ಬಂದದ್ದು ಹಾಗೇ ಹೋಗುತ್ತಿರಲಿಲ್ಲ. ಮೀನು ತುಂಬಿ ಬಂದ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ಹರಿತವಾದ ಬ್ಲೇಡಿನಿಂದ ಬಳ್ಳಿ ಕೊರೆದು ಕೃಷ್ಣಾಷ್ಟಮಿಯ ತೊಟ್ಟಿಲು ಮಾಡುತ್ತಿದ್ದರು. ಮದುವೆ ಕಾಗದಗಳು ಬಾಗಿಲ ತೋರಣದ ಎಲೆಗಳಾಗುತ್ತಿದ್ದವು. ಯಾರ ಮನೆಯಿಂದ ಏನು ಬಂದಿತ್ತೋ ಆ ಮನೆಗೆ ಮುಂದಿನ ವರ್ಷ ಅದರದೇ ಒಂದು ತುಂಡು ಬೇರೆ ವೇಷದಲ್ಲಿ ವಾಪಸ್ಸು ಹೋಗುತ್ತಿತ್ತು.

ಅವರಿಗೆ ಯಾವುದರ ಹೆದರಿಕೆಯೂ ಇರಲಿಲ್ಲ. ಹಳೆಯ ಸೀರಿಯಲ್ ಸೆಟ್ಟಿನ ಯಾವ ಬಲ್ಬು ಸತ್ತಿದೆ ಎಂದು ಪರೀಕ್ಷಿಸುವಾಗ ತಂತಿಯ ಬೆತ್ತಲೆ ತುದಿಗಳನ್ನು ಹಿಡಿದು ಕೂರುತ್ತಿದ್ದರು. ನನ್ನನ್ನು ರಬ್ಬರ್ ಚಪ್ಪಲಿ ಹಾಕಿಸಿ ಪ್ಲಗ್ಗಿನ ಹತ್ತಿರ ನಿಲ್ಲಿಸುವುದು ವಾಡಿಕೆ.

"ನಾ ಕೂಗ್ರೆ ತೆಗೀರಿ."

"ಕೂಗ್ದೇ ಇದ್ರೆ?"

"ಕೂಗ್ದೇ ಇದ್ರೆ ಇನ್ನೂ ಬೇಗ ತೆಗೀರಿ."

ಅಷ್ಟು ಹೊತ್ತು ಉಸಿರಾಡದೆ ನಿಂತ ಪುಣ್ಯಕ್ಕೆ ನನಗೆ ಒಂದು ಲೋಟ ಚಾ ಸಿಗುತ್ತಿತ್ತು. ಲೋಟದ ಅಂಚಿನಲ್ಲಿಯೂ ಚಮಕಿ.

ಈ ಸಾಮ್ರಾಜ್ಯದ ಸಿಂಹಾಸನ ಒಂದು ಗೂಡುದೀಪ. ಅವರ ಗಂಡ ಕಟ್ಟಿದ್ದು. ಅವರು ಬಲೆ ಕಟ್ಟುವ, ಹರಿದ ಬಲೆ ಹೊಲಿಯುವ ಕಸುಬಿನವರಾಗಿದ್ದರಂತೆ. ನಾನು ಬರುವ ಎಷ್ಟೋ ವರ್ಷ ಮೊದಲೇ ತೀರಿಹೋಗಿದ್ದರು. ಇಪ್ಪತ್ನಾಲ್ಕು ಬಿದಿರಿನ ಕಡ್ಡಿ, ಹನ್ನೆರಡು ಮೂಲೆ, ಮೂಲೆಗೊಂದರಂತೆ ಬಲೆಯ ನೂಲಿನ ಹನ್ನೆರಡು ಗಂಟು. ಪ್ರತಿ ವರ್ಷ ಅಕ್ಕ ಅದರ ಹಳೆಯ ಹೊದಿಕೆ ಕಳಚಿ, ಅಟ್ಟದ ಹಬ್ಬಗಳಿಂದ ಹೊಸ ಹೊದಿಕೆ ತೊಡಿಸುತ್ತಿದ್ದರು. "ಬಟ್ಟಿ ಬದ್ಲಿ, ಎಲುಬ್ ಅದೇ." ದೀಪಾವಳಿಗೆ ಅಂಗಳದ ಹಲಸಿನ ಕೊಂಬೆಗೆ ಏರಿದರೆ ಕಾರ್ತಿಕ ಮುಗಿಯುವವರೆಗೆ ಇಳಿಯುತ್ತಿರಲಿಲ್ಲ.

ಗಂಡ ಇದ್ದಾಗ ಒಂದೇ ಒಂದು ವರ್ಷ ಅದು ಏರಿರಲಿಲ್ಲ. ಹಬ್ಬದ ಹೊತ್ತಿಗೆ ಹಿಡಿದ ಮಳೆ ಬಿಡಲೇ ಇಲ್ಲವಂತೆ. "ಮಳಿ ಬಿಡ್ಲಿ, ನಾಳಿಗೆ ಹಾಕುವ, ನಾಳಿಗೆ ಹಾಕುವ ಅಂದೇಳಿ ಹಬ್ಬವೇ ಮುಗೀತ್. ಅದೇ ವರ್ಷ ಅವ್ರ್ ಹೋದ್ರ್." ಇಷ್ಟು ಹೇಳಿ ಅಕ್ಕ ಮಾತು ಬದಲಿಸುತ್ತಿದ್ದರು. ಎರಡು ವಾಕ್ಯಗಳ ನಡುವೆ 'ಆದ್ದರಿಂದ' ಎಂಬ ಪದವನ್ನು ಅವರು ಎಂದೂ ಹಾಕಲಿಲ್ಲ. ಕೇಳಿದವರೇ ಹಾಕಿಕೊಳ್ಳುತ್ತಿದ್ದರು.

ನಾನು ಬಂದ ಐದನೆಯ ವರ್ಷ ಅಕ್ಕನಿಗೆ ಏದುಸಿರು ಶುರುವಾಯಿತು. ಬುಟ್ಟಿ ಹೊತ್ತು ಮೂರು ಮನೆ ನಡೆದರೆ ನಾಲ್ಕನೆಯ ಮನೆಯ ಜಗಲಿಯಲ್ಲಿ ಕೂರಬೇಕು. ಬೈಂದೂರಿಗೆ ಮದುವೆ ಮಾಡಿಕೊಟ್ಟ ಮಗಳು ಬಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಎದೆ ತೆರೆದು ಬದಲಿಸಬೇಕು, ತಡ ಮಾಡಬಾರದು ಎಂದರು ಅಲ್ಲಿನ ವೈದ್ಯರು.

"ಬಾಗ್ಲ್ ಮುಚ್ಚೂದಿಲ್ಲ ಅಂದೇಳಿ ಮನಿ ಒಡೀತ್ರಾ?" ಎಂದರು ಅಕ್ಕ ಮನೆಗೆ ಬಂದು. ನಾನು ನಗಲು ಬಾಯಿ ತೆರೆದೆ. ಅವರು ನಗುತ್ತಿರಲಿಲ್ಲ. ಚಮಕಿ ಹತ್ತಿದ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದರು. "ಹಳೇದನ್ನ ಬಿಚ್ಚೂದ್ ನಂಗ್ ಗೊತ್ತಿತ್ತ್, ಲೈಬ್ರರಿಯವ್ರೆ. ಬಿಚ್ಚಿದ್ದೆಲ್ಲ ಮತ್ತೆ ಕೂಡೂದಿಲ್ಲ. ಅದೂ ಗೊತ್ತಿತ್ತ್."

ತಂತಿಯ ತುದಿ ಹಿಡಿದು ಕೂರುವವರ ಬಾಯಲ್ಲಿ ಈ ಮಾತು ಬಂದಾಗ, ನನ್ನ ಪಾಲಿನ ಆಸ್ತಿಗೆ ಇನ್ನೊಬ್ಬ ವಾರಸುದಾರರು ಬಂದಂತೆ ಆಯಿತು. ಅದರಿಂದ ನನ್ನ ಭಾಗವೇನೂ ಕಡಿಮೆಯಾಗಲಿಲ್ಲ.

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ದೀಪಾವಳಿಗೆ ಗೂಡು ಏರಬೇಕು. ಅದು ಏರಿ ದೀಪ ಹೊತ್ತಿದ್ದನ್ನು ಕಣ್ಣಾರೆ ಕಂಡ ಮೇಲೆ ಆಸ್ಪತ್ರೆ. "ಗೂಡ್ ಏರ್ಲಿಲ್ಲ ಅಂದ್ರೆ ನಾ ಬಪ್ಪುದಿಲ್ಲ. ಹೊತ್ಕಂಡ್ ಹೋದ್ರೂ ಬಪ್ಪುದಿಲ್ಲ" ಎಂದು ಮಗಳಿಗೆ ಹೇಳಿದರು. ಮಗಳು ಒಳಗೆ ಹೋಗಿ ಅತ್ತಳು. ವೈದ್ಯರು ಅಷ್ಟು ದಿನ ಮಾತ್ರ ಕೊಟ್ಟಿದ್ದರು.

ಏಣಿ ಹತ್ತುವುದು ಅಕ್ಕನಿಂದ ಆಗುತ್ತಿರಲಿಲ್ಲ. ಹಬ್ಬಕ್ಕೆ ಒಂದು ವಾರವಿರುವಾಗ, ಮಧ್ಯಾಹ್ನ, ಗೂಡು ಇಳಿಸಿಕೊಡಲು ನನಗೆ ಅಪ್ಪಣೆಯಾಯಿತು. ಐದು ವರ್ಷ ಯಾವ ಅಟ್ಟದ ಕೆಳಗೆ ಹೆದರಿಕೊಂಡು ಬದುಕಿದ್ದೆನೋ ಅದರೊಳಗೆ ತಲೆ ಹಾಕಿ, ಮೇಲೆ ಹತ್ತಿ ನಿಂತೆ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಗೂಡು ಎದುರಿಗೇ ಇತ್ತು. ಎರಡೂ ಕೈಯಲ್ಲಿ ಎತ್ತಿ, ಪಕ್ಕಕ್ಕಿಟ್ಟು, ಏಣಿಯ ಕಡೆ ತಿರುಗಿದೆ. ಮೂಗಿನ ಸಮಕ್ಕೆ ಎರಡು ಕೆಂಪು ಕಣ್ಣುಗಳು ನನ್ನನ್ನು ನೋಡುತ್ತಿದ್ದವು.

ಇಲಿ. ಬೆಕ್ಕಿನಷ್ಟು ದೊಡ್ಡದು. ನಾನು ಹಿಂದಕ್ಕೆ ಹಾರಿದೆ. ಹಾರಿ ಇಳಿದದ್ದು ಗೂಡಿನ ಮೇಲೆ.

ಆ ಕಟಕಟ ಸದ್ದು ಈಗಲೂ ನನ್ನ ಅಂಗಾಲಿನಲ್ಲಿದೆ. ಅದು ಥರ್ಮಾಕೋಲಿನ ಇಲಿ, ಯಾವುದೋ ಚೌತಿಯ ಗಣಪತಿಯ ವಾಹನ, ಕಣ್ಣಿಗೆ ಹಾಕಿದ್ದು ಗಾಜಿನ ಮಣಿ ಎಂದು ತಿಳಿಯುವ ಹೊತ್ತಿಗೆ ಇಪ್ಪತ್ನಾಲ್ಕು ಕಡ್ಡಿಗಳಲ್ಲಿ ನೆಟ್ಟಗೆ ಉಳಿದದ್ದು ನಾಲ್ಕೋ ಐದೋ.

"ಲೈಬ್ರರಿಯವ್ರೆ, ಸಿಕ್ತಾ?" ಕೆಳಗಿನಿಂದ ಅಕ್ಕ.

"ಸಿಕ್ತ್ ಅಕ್ಕ."

"ಎಂತ ಸದ್ದ್ ಅದ್?"

"ಇಲಿ."

ಇದು ಸುಳ್ಳಲ್ಲ. ಮುಂದಿನದು ಸುಳ್ಳು. "ಧೂಳ್ ಇತ್ತ್. ಹಳೇ ಬಟ್ಟಿ ತೆಗ್ದ್ ಒರ್ಸಿ ಕೊಡ್ತೆ" ಎಂದು, ಗೂಡಿನ ಅವಶೇಷಗಳನ್ನು ಗೋಣಿಗೆ ತುಂಬಿ, ಹಿಂಬಾಗಿಲಿನಿಂದ ಗ್ರಂಥಾಲಯಕ್ಕೆ ಓಡಿದೆ.

ಗ್ರಂಥಾಲಯದಲ್ಲಿ ಮೂಢನಂಬಿಕೆಗಳನ್ನು ಖಂಡಿಸುವ ಪುಸ್ತಕಗಳದೇ ಒಂದು ಕಪಾಟಿದೆ. ಅವನ್ನು ನಾನು ಓದಿದ್ದೇನೆ, ಒಪ್ಪಿದ್ದೇನೆ, ಬೇರೆಯವರಿಗೆ ಶಿಫಾರಸು ಮಾಡಿದ್ದೇನೆ. ಆ ಕಪಾಟಿನ ಹಿಂದೆಯೇ ಕೂತು, ಬೆವರೊರೆಸಿಕೊಳ್ಳುತ್ತ, ನಾನು ಬಿದಿರು ಸೀಳಿದೆ. ಗೂಡು ಏರದಿದ್ದರೆ ಅಕ್ಕ ಆಸ್ಪತ್ರೆಗೆ ಹೋಗುವುದಿಲ್ಲ. ಹೋಗದಿದ್ದರೆ ಉಳಿಯುವುದಿಲ್ಲ. ಮುರಿದದ್ದನ್ನು ಹೇಳಿದರೆ, ಆ ಹೆದರಿದ ಎದೆ ಆಪರೇಷನ್ನಿನವರೆಗೂ ಕಾಯುವುದಿಲ್ಲ. ಯಾವ ದಾರಿಯಲ್ಲಿ ಹೋದರೂ ತುದಿಯಲ್ಲಿ ನಾನೇ ನಿಂತಿದ್ದೆ, ಕಾಲ ಕೆಳಗೆ ಮುರಿದ ಕಡ್ಡಿಗಳೊಂದಿಗೆ.

ಕಡ್ಡಿಗಳು ಸಿದ್ಧವಾದವು. ತೀರಾ ಹೊಸದಾಗಿ, ಬೆಳ್ಳಗೆ, ನಿರ್ಲಜ್ಜವಾಗಿ ಕಾಣುತ್ತಿದ್ದವು. ಕಡು ಚಾ ಡಿಕಾಕ್ಷನ್ನಿನಲ್ಲಿ ಒಂದು ದಿನ ನೆನೆಸಿ, ಒಲೆಯ ಮಸಿ ತಿಕ್ಕಿ, ಬಿಸಿಲಿಗಿಟ್ಟೆ. ಬಲೆಯ ಅಂಗಡಿಯಿಂದ ತಂದ ನೂಲಿಗೂ ಅದೇ ಸಂಸ್ಕಾರ. ಆಯುಷ್ಯವಿಡೀ ಹಳೆಯದನ್ನು ಹೊಸದು ಮಾಡುತ್ತ ಬಂದವರನ್ನು ವಂಚಿಸಲು ನಾನು ಹೊಸದನ್ನು ಹಳೆಯದು ಮಾಡುತ್ತಿದ್ದೆ. ಕಸುಬು ಅದೇ. ದಿಕ್ಕು ಮಾತ್ರ ಬೇರೆ.

ಗಂಟಿನ ವಿಷಯದಲ್ಲಿ ನಾನು ಹೆಚ್ಚು ಯೋಚಿಸಲಿಲ್ಲ. ನನಗೆ ಗೊತ್ತಿದ್ದ ಗಂಟು ಒಂದೇ, ಚಿಕ್ಕಂದಿನಲ್ಲಿ ಹಾಲಾಡಿಯ ಕೊಟ್ಟಿಗೆಯಲ್ಲಿ ಕಲಿತದ್ದು. ಭದ್ರವಾದ ಗಂಟು. ಹನ್ನೆರಡು ಮೂಲೆಗೂ ಅದನ್ನೇ ಬಿಗಿದೆ.

ಮೂರನೆಯ ದಿನ ಗೂಡನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬೆರಳಾಡಿಸಿದರು. ಎರಡನೆಯ ಮೂಲೆಯಲ್ಲಿ ಬೆರಳು ನಿಂತಿತು. ನನ್ನ ಹೃದಯದ ಕವಾಟಗಳೆಲ್ಲ ಒಟ್ಟಿಗೆ ಮುಚ್ಚಿದವು. ಅಕ್ಕ ಕಣ್ಣು ತೆರೆದು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

"ಹಗುರ ಆಯ್ತಲೆ" ಎಂದರು.

"ಧೂಳ್ ಹೋಯ್ತಲೆ ಅಕ್ಕ."

"ಹೌದ್. ಧೂಳ್ ತೂಕ ಇರತ್ತ್" ಎಂದು ಕತ್ತರಿ ಕೇಳಿದರು.

ಆ ವರ್ಷದ ಹೊದಿಕೆ ನವರಾತ್ರಿಯ ಜರಿ ಪರದೆಯದು, ಬಾಲ ಬಾಯಮ್ಮನ ನಕ್ಷತ್ರದ್ದು. ಉಸಿರು ಹಿಡಿದಾಗ ನಿಲ್ಲಿಸಿ, ಬಿಟ್ಟಾಗ ಅಂಟಿಸಿ, ನಾಲ್ಕು ದಿನ ಮಾಡಿದರು. ಹಬ್ಬದ ಸಂಜೆ ಗೂಡು ಹಲಸಿನ ಕೊಂಬೆಗೆ ಏರಿತು. ದೀಪ ಹೊತ್ತಿದಾಗ ಅಕ್ಕ ಕೈಮುಗಿದರು. ನಾನೂ ಮುಗಿದೆ. ನನ್ನ ಪ್ರಾರ್ಥನೆ ಗಂಟುಗಳಿಗೆ.

ಆಪರೇಷನ್ನಿನ ಬೆಳಿಗ್ಗೆ ಸ್ಟ್ರೆಚರ್ ಒಳಗೆ ಹೋಗುವ ಮೊದಲು ಅಕ್ಕ ನನ್ನನ್ನು ಹತ್ತಿರ ಕರೆದರು. ಕೈ ತೊಳೆದು ತೊಳೆದು ಬಿಳಚಿಸಿದ್ದರು. ಒಂದು ಚಮಕಿಯೂ ಇರಲಿಲ್ಲ. ಆ ಖಾಲಿ ಕೈ ಕಂಡು ನನ್ನ ಧೈರ್ಯ, ಅಂದರೆ ಇಲ್ಲದ್ದು, ಪೂರ್ತಿ ಕುಸಿಯಿತು.

"ಅಕ್ಕ, ಆ ಗೂಡ್..." ಎಂದೆ.

"ಈಗ ಬೇಡ. ವಾಪಸ್ ಬಂದ್ಮೇಲೆ ಹೇಳಿ" ಎಂದರು. "ಅದ್ ಕೇಂಬುಕಾದ್ರೂ ವಾಪಸ್ ಬತ್ತೆ."

ಬಾಗಿಲು ಮುಚ್ಚಿತು. ಸರಿಯಾಗಿ ಮುಚ್ಚುವ ಬಾಗಿಲು.

ಆಮೇಲಿನ ಐದಾರು ತಾಸುಗಳನ್ನು ವರ್ಣಿಸುವ ಶಕ್ತಿ ನನಗಿಲ್ಲ. ಗೋಡೆಯ ಫ್ಯಾನು ತಿರುಗಿದಾಗೆಲ್ಲ ನನಗೆ ನಾವುಂದದ ಗಾಳಿ ನೆನಪಾಗುತ್ತಿತ್ತು. ಗಾಳಿಗೆ ಗೂಡು ತೂಗುತ್ತಿದೆ, ಒಂದು ಗಂಟು ಸಡಿಲವಾಗುತ್ತಿದೆ, ಒಳಗೆ ಅವರ ಎದೆ ತೆರೆದಿದೆ. ಎರಡಕ್ಕೂ ಸಂಬಂಧವಿಲ್ಲವೆಂದು ಒಂದು ಕಪಾಟಿನಷ್ಟು ಪುರಾವೆ ನನ್ನ ಬಳಿ ಇತ್ತು. ನನ್ನ ಕೈ ಮಾತ್ರ ಫೋನ್ ತೆಗೆದು ಮನೆ ಎದುರಿನ ಚಾ ಅಂಗಡಿಯವನಿಗೆ ಹಚ್ಚಿತು.

"ಗೂಡ್ ಇತ್ತಾ?"

"ಯಾವ ಗೂಡ್?"

"ಹಲಸಿನ ಮರದ್ದ್. ನೇತಾಡ್ತಿತ್ತಾ ಅಂದೇಳಿ ಕಾಣ್."

"ನೇತಾಡ್ದೆ ಎಂತ ಮಾಡತ್ತ್ ಮರ್ರೆ? ಅಕ್ಕ ಹ್ಯಾಂಗಿತ್ತ್, ಅದ್ ಹೇಳಿ."

ಅರ್ಧ ತಾಸು ಬಿಟ್ಟು ಮತ್ತೆ ಹಚ್ಚಿದೆ. ನಾಲ್ಕನೆಯ ಸಲ ಅವನು ಕೇಳುವ ಮೊದಲೇ "ಇತ್ತ್, ಇತ್ತ್" ಎಂದು ಇಟ್ಟುಬಿಟ್ಟ. ದಾರಿಯಲ್ಲಿ ಹೋಗುತ್ತಿದ್ದ ನರ್ಸ್ ಒಬ್ಬಳು ನನ್ನನ್ನು ನೋಡಿ, ಕೂರಿಸಿ, ರಕ್ತದೊತ್ತಡ ಅಳೆದು, "ನಿಮ್ಮ ಆಪರೇಷನ್ ಯಾವಾಗ?" ಎಂದು ಕೇಳಿದಳು. ಪಕ್ಕದಲ್ಲಿದ್ದ ಅಕ್ಕನ ಮಗಳು ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು. ನಗುತ್ತಲೇ ನನ್ನ ಕೈ ಹಿಡಿದುಕೊಂಡಳು. ಅವಳ ಕೈಯೂ ತಣ್ಣಗಿತ್ತು.

ಬಾಗಿಲು ತೆರೆದು, ಹಸಿರು ಟೊಪ್ಪಿಯ ವೈದ್ಯರು ಹೊರಬಂದು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಮಗಳು ನೆಲಕ್ಕೆ ಕುಸಿದು ಕೂತಾಗ ನನ್ನ ಜೀವ ಹಾರಿತು. ಅವಳು ಕುಸಿದದ್ದು ಸಮಾಧಾನಕ್ಕೆ ಎಂದು ತಿಳಿಯುವವರೆಗೆ ಕಳೆದ ಆ ಒಂದು ಕ್ಷಣವನ್ನು ನಾನು ಯಾರಿಗೂ ಬಯಸುವುದಿಲ್ಲ.

ಅಕ್ಕ ಮನೆಗೆ ಬಂದಾಗ ಕಾರ್ತಿಕ ಮುಗಿದಿತ್ತು. ತಾವು ಬರುವವರೆಗೆ ಇಳಿಸಬಾರದೆಂದು ಹೇಳಿಹೋದದ್ದರಿಂದ ಗೂಡು ಇನ್ನೂ ಕೊಂಬೆಯಲ್ಲೇ ಇತ್ತು. ಜಗಲಿಯ ಕುರ್ಚಿಯಲ್ಲಿ ಕೂತು, ಅದನ್ನು ನೋಡಿ, ನನ್ನ ಕಡೆ ತಿರುಗಿದರು.

"ಕೂಕಣಿ. ಈಗ ಹೇಳಿ."

ಹೇಳಿದೆ. ಇಲಿಯ ಕೆಂಪು ಕಣ್ಣು, ಗೋಣಿ, ಚಾ ಡಿಕಾಕ್ಷನ್, ಒಂದನ್ನೂ ಬಿಡದೆ ಹೇಳಿದೆ. ಹೊಲಿಗೆ ಹಾಕಿದ ಎದೆಯನ್ನು ದಿಂಬಿನಿಂದ ಒತ್ತಿಹಿಡಿದು ಅಕ್ಕ ನಗತೊಡಗಿದರು. ಹೊಲಿಗೆ ಬಿಚ್ಚೀತೆಂದು ನಾನು ಅದಕ್ಕೂ ಹೆದರಿದೆ.

"ಕೈಗ್ ತಕಂಡ ಕೂಡ್ಲೇ ಗೊತ್ತಾಯ್ತ್" ಎಂದರು. "ಬಲೆ ಕಟ್ಟುವರ ಮನಿ ಗೂಡಿಗೆ ದನ ಕಟ್ಟೂ ಗಂಟ್ ಹಾಕಿರಿ ಮರ್ರೆ. ಗೂಡ್ ಎಂತ, ಹುಲ್ ತಿಂಬುಕ್ ಓಡಿಹೋತ್ತಾ?"

"ಮತ್ತೆ ಅವತ್ತೇ ಎಂತಕ್ ಹೇಳ್ಲಿಲ್ಲ?"

"ಹೇಳುವ ಅಂದೇಳಿಯೇ ಕಣ್ಣ್ ಬಿಟ್ಟೆ. ಗೂಡ್ ಹೋಯ್ತ್, ಇನ್ನ್ ನಾನೂ ಹೋದೆ ಅಂದೇಳಿ ಕೈಕಾಲ್ ತಣ್ಣಗಾಯ್ತ್. ಆಗ ನಿಮ್ ಮೋರೆ ಕಂಡೆ. ನಂಗಿಂತ ಜಾಸ್ತಿ ಹೆದ್ರಿದ್ರಿ ನೀವ್. ಒಂದ್ ಮನಿಯೊಳ್ಗೆ ಇಬ್ಬರೂ ಹೆದ್ರಿ ಕೂಕಂಡ್ರೆ ಗೂಡ್ ಹಾಕೂದ್ ಯಾರ್? ಹಂಗಾಯಿ ನಾ ಬಿಟ್ಟೆ."

ಹೆದರಿಕೆಯನ್ನು ಬಿಟ್ಟೆ ಎಂದು, ಬೀಡಿ ಬಿಟ್ಟವರು ಹೇಳುವಷ್ಟು ಸಲೀಸಾಗಿ ಹೇಳಿದರು.

ಮುಂದಿನ ದೀಪಾವಳಿಗೆ ಗೂಡಿನ ಒಂದು ಮುಖಕ್ಕೆ ಅವರು ಅಂಟಿಸಿದ್ದು ಜರಿಯಲ್ಲ, ಆಸ್ಪತ್ರೆ ಕೊಟ್ಟ ತಮ್ಮದೇ ಎದೆಯ ಎಕ್ಸ್‌ರೇ. ದೀಪ ಹೊತ್ತಿದಾಗ ಪಕ್ಕೆಲುಬುಗಳು ನೀಲಿಯಾಗಿ ಬೆಳಗಿದವು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಹೆದ್ರಿಕಿ ಬಿಸಾಡೂದ್ ಎಂತಕ್?" ಎಂದರು ಅಕ್ಕ. "ಅಲಂಕಾರಕ್ ಆತ್ತ್."

ಆಮೇಲೆ ಅವರು ಆರು ದೀಪಾವಳಿ ಕಂಡರು. ಬುಟ್ಟಿ ಮತ್ತೆ ಹೊರಲಿಲ್ಲ. ಊರವರೇ ಹಳೆಯ ಹಬ್ಬಗಳನ್ನು ಜಗಲಿಗೆ ತಂದು ಒಪ್ಪಿಸುತ್ತಿದ್ದರು. ನನಗೆ ಬಲೆಯ ಗಂಟು ಕಲಿಸಲು ಪ್ರತಿ ವರ್ಷ ಒಂದು ಮಧ್ಯಾಹ್ನ ಖರ್ಚು ಮಾಡಿ, ಪ್ರತಿ ವರ್ಷ ಸೋತರು. "ಹಿಂದಿಂದ ತನ್ನಿ, ಬೆರಳಿಗ್ ಸುತ್ತಿ, ಮೇಲಿಂದ ಬಿಡಿ... ಬೇಡ, ನೀವ್ ಪುಸ್ತಕ ಓದಿ." ಆಸಾಡಿ ತಿಂಗಳ ಒಂದು ಬೆಳಿಗ್ಗೆ, ಮಳೆ ಹೊಯ್ಯುತ್ತಿರುವಾಗ, ಚಾ ಕುಡಿದು ಕುರ್ಚಿಗೆ ಒರಗಿದವರು ಹಾಗೆಯೇ ಹೋದರು. ಮಡಿಲಲ್ಲಿ ಅರ್ಧ ಕತ್ತರಿಸಿದ ಒಂದು ಮದುವೆ ಕಾಗದವಿತ್ತು.

ಸಾವಾದ ಮನೆಗೆ ಒಂದು ವರ್ಷ ಹಬ್ಬವಿಲ್ಲ. ಹಲಸಿನ ಕೊಂಬೆ ಖಾಲಿ ಉಳಿಯಿತು. ಆ ಕಾರ್ತಿಕವನ್ನು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ಕೆಮ್ಮು ಬಂದರೂ ಆ ಖಾಲಿ ಕೊಂಬೆಯ ಕಡೆ ನೋಡುತ್ತಿದ್ದೆ.

ಕಳೆದ ದೀಪಾವಳಿಗೆ ಮಗಳು ಬೈಂದೂರಿನಿಂದ ಬಂದಳು. "ಗೂಡ್ ನೀವೇ ಕಟ್ಟ್ಬೇಕ್ ಅಂದೇಳಿ ಅಮ್ಮ ಹೇಳಿತ್ತ್" ಎಂದಳು. ಏಣಿ ಹತ್ತಿದೆ. ಇಲಿ ತನ್ನ ಜಾಗದಲ್ಲೇ ಇತ್ತು. ಅದಕ್ಕೆ ಮುಖ ಕೊಟ್ಟುಕೊಂಡೇ, ಬೆನ್ನು ತಿರುಗಿಸದೆ, ಗೂಡನ್ನು ಇಳಿಸಿದೆ. ಜಗಲಿಯಲ್ಲಿ ಕೂತು ಹಳೆಯ ಹೊದಿಕೆ ಕಳಚಿದೆ. ಎಕ್ಸ್‌ರೇ ಮಾತ್ರ ಬಿಟ್ಟೆ. ಆಮೇಲೆ ಅವರಂತೆಯೇ ಕಣ್ಣು ಮುಚ್ಚಿ ಮೂಲೆಯಿಂದ ಮೂಲೆಗೆ ಬೆರಳಾಡಿಸಿದೆ.

ಗಂಟುಗಳು ನಾನು ಹಾಕಿದವಲ್ಲ. ಸಣ್ಣ, ಚಪ್ಪಟೆ, ನುಣುಪಾದ ಬಲೆಯ ಗಂಟುಗಳು. ಯಾವಾಗ ಬಿಚ್ಚಿ ಕಟ್ಟಿದ್ದರೋ, ನನಗೆ ಹೇಳಿರಲಿಲ್ಲ. ಒಂದೊಂದೇ ಎಣಿಸುತ್ತ ಹೋದೆ. ಹನ್ನೊಂದು. ಹನ್ನೆರಡನೆಯ ಮೂಲೆಯಲ್ಲಿ ಬೆರಳು ನಿಂತಿತು. ದಪ್ಪಗೆ, ಒರಟಾಗಿ, ಕೊಟ್ಟಿಗೆಯಿಂದ ನೇರವಾಗಿ ಎದ್ದು ಬಂದಂತೆ ಇದ್ದ ಅದೊಂದನ್ನು ಅವರು ಮುಟ್ಟಿರಲಿಲ್ಲ.

ಎಳೆದು ನೋಡಿದೆ. ಬಿಗಿಯಾಗಿಯೇ ಇತ್ತು.